ನಿಮ್ಮ ಬಾಬಾ, ನಮ್ಮ ಬಾಬಾ

ಅರಬಿ ಭಾಷೆಯಲ್ಲಿ ‘ಪ’ ಇಲ್ಲ. ಇದನ್ನು ವೀಸಾ ಕೊಡುವಾಗ ಯಾರೂ ನನಗೆ ಹೇಳಿರಲಿಲ್ಲ. ಹೇಳಿದ್ದರೆ ಪಿಂಟೊ ಮನೆತನದ ನಾನು ದಮ್ಮಾಮಿಗೆ ಬರುವ ಮೊದಲು ಎರಡು ಸಲ ಯೋಚಿಸುತ್ತಿದ್ದೆನೋ ಏನೋ. ಇಲ್ಲಿ ಪೆಪ್ಸಿ ಬೆಬ್ಸಿಯಾಗುತ್ತದೆ, ಪಾರ್ಕಿಂಗ್ ಬಾರ್ಕಿಂಗ್ ಆಗುತ್ತದೆ, ಪಿಂಟೊ ಬಿಂಟೊ ಆಗುತ್ತದೆ. ಅಷ್ಟಕ್ಕೇ ನಿಂತಿದ್ದರೆ ಸಹಿಸಿಕೊಳ್ಳಬಹುದಿತ್ತು. ಆದರೆ ಅರಬಿಯಲ್ಲಿ ‘ಬಿಂತ್’ ಎಂದರೆ ಹುಡುಗಿ. ಐವತ್ತು ದಾಟಿ, ಮೀಸೆ ನರೆತು, ಹೊಟ್ಟೆ ಬೆಲ್ಟಿನ ಮೇಲೆ ಕುಳಿತಿರುವ ನನ್ನನ್ನು ಆಫೀಸಿನ ಕಾವಲುಗಾರ ದಿನಾ ಬೆಳಿಗ್ಗೆ ನಗುತ್ತಾ “ಸಬಾಹ್ ಅಲ್ ಖೈರ್, ಬಿಂಟೊ” ಎಂದು ಬರಮಾಡಿಕೊಳ್ಳುತ್ತಾನೆ. ಹದಿನಾರು ವರ್ಷದಿಂದ ಕೇಳುತ್ತಿದ್ದೇನೆ. ಅವನ ನಗುವಿನ ಅರ್ಥ ಈಗಲೂ ನನಗೆ ಪೂರ್ತಿ ಗೊತ್ತಾಗಿಲ್ಲ.

ನನ್ನ ಪುಣ್ಯಕ್ಕೆ, ಹೆಸರಿನ ವಿಷಯದಲ್ಲಿ ನನಗಿಂತ ಕಷ್ಟದಲ್ಲಿರುವವನೊಬ್ಬ ನನ್ನ ಪಕ್ಕದ ಮೇಜಿನಲ್ಲೇ ಇದ್ದಾನೆ. ಈಜಿಪ್ಟಿನವನು, ಆರಡಿ ಎತ್ತರ, ಕುಸ್ತಿಪಟುವಿನ ಭುಜ, ಹೆಸರು ಮೀನಾ. ಅವರ ಕಡೆ ಅದು ಒಬ್ಬ ದೊಡ್ಡ ಸಂತನ ಹೆಸರಂತೆ, ಗಂಡಸರಿಗೇ ಇಡುವುದಂತೆ. ನಮ್ಮ ಕಡೆ ಅದು ಹುಡುಗಿಯರ ಹೆಸರು, ಇಲ್ಲದಿದ್ದರೆ ತಿನ್ನುವ ಮೀನು ಎಂದು ನಾನು ಹೇಳಿದ ದಿನ ಅವನು ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದ. ‘ಬಿಂತ್’ ನೆನಪಾದ ಮೇಲೆ ಸಮಾಧಾನವಾಯಿತು. ಬಿಂಟೊ ಮತ್ತು ಮೀನಾ, ಹೀಗೆ ನಾವಿಬ್ಬರು ಹೆಣ್ಣುಮಕ್ಕಳು ಒಂದು ಆಯಿಲ್ ಸರ್ವಿಸ್ ಕಂಪೆನಿಯ ಮೂರನೇ ಮಹಡಿಯಲ್ಲಿ ಬಹಳ ವರ್ಷಗಳಿಂದ ಸಂಸಾರ ಮಾಡಿಕೊಂಡಿದ್ದೇವೆ. ಅವನದು ಅರಬಿ ಪತ್ರವ್ಯವಹಾರ. ನನ್ನದು ನಕ್ಷೆಗಳ ಉಸ್ತುವಾರಿ. ಹಳೆಯ ನಕ್ಷೆಗೆ ರದ್ದಾಗಿದೆ ಎಂಬ ಮುದ್ರೆ ಒತ್ತುವುದು, ಹೊಸದನ್ನು ಕಪಾಟಿಗೆ ಸೇರಿಸುವುದು. ಇದಕ್ಕೆ ಇಂಗ್ಲಿಷಿನಲ್ಲಿ ಬಹಳ ದೊಡ್ಡ ಹುದ್ದೆಯ ಹೆಸರಿದೆ, ಊರಲ್ಲಿ ಮದುವೆ ಮನೆಗಳಲ್ಲಿ ಅದನ್ನೇ ಹೇಳುತ್ತೇನೆ.

ಮೀನಾ ನಮ್ಮವನು ಎಂದು ಗೊತ್ತಾದದ್ದು ಅವನ ಗಡಿಯಾರದಿಂದ. ಒಂದು ದಿನ ಕೈ ತೊಳೆಯಲು ಪಟ್ಟಿ ಬಿಚ್ಚಿದಾಗ ಮಣಿಕಟ್ಟಿನ ಒಳಬದಿಯಲ್ಲಿ ಹಚ್ಚೆಯ ಪುಟ್ಟ ಶಿಲುಬೆ ಕಾಣಿಸಿತು. ಈಜಿಪ್ಟಿನ ಕೋಪ್ಟ್ ಕ್ರೈಸ್ತರು ಮಕ್ಕಳಿಗೆ ಚಿಕ್ಕಂದಿನಲ್ಲೇ ಹಾಕಿಸುತ್ತಾರೆ. ನಾನು ಅಂಗಿಯೊಳಗಿನ ಜಪಸರವನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದೆ. ಅವನು ನಕ್ಕು ಚಹಾ ತರಿಸಿದ. ಈ ಊರಲ್ಲಿ ನಮಗೆ ಇಗರ್ಜಿ, ಅಂದರೆ ಚರ್ಚು, ಇಲ್ಲ. ಶುಕ್ರವಾರ ರಜೆಯಾದ್ದರಿಂದ ನಾಲ್ಕು ಜನ ಸೇರಿ ಒಂದು ಕಾರು ಮಾಡಿಕೊಂಡು, ಸಮುದ್ರದ ಮೇಲಿನ ಸೇತುವೆ ದಾಟಿ ಬಹರೇನಿಗೆ ಹೋಗಿ ಪೂಜೆ ಕೇಳಿ ಬರುತ್ತೇವೆ. ಅಲ್ಲಿ ಶುಕ್ರವಾರದ ಪೂಜೆಯೇ ಭಾನುವಾರದ ಪೂಜೆ. ನನ್ನ ಮಗ ಚಿಕ್ಕವನಿದ್ದಾಗ ವಾರದ ದಿನಗಳನ್ನು ಹೇಳು ಅಂದರೆ ಭಾನುವಾರ ಎರಡು ಸಲ ಬರುತ್ತಿತ್ತು.

ಮೀನಾ ನಮ್ಮವನು ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಅವನಿಗೆ ಬೇರೆ ಪೋಪ್ ಇದ್ದಾರೆ. ಕೋಪ್ಟರ ಧರ್ಮಗುರುವೂ ಪೋಪರೇ, ಅಲೆಕ್ಸಾಂಡ್ರಿಯದ ಪೋಪ್. ಅರಬಿಯಲ್ಲಿ ಪ ಇಲ್ಲದ್ದರಿಂದ ಇಬ್ಬರೂ ಬಾಬಾ. ಅರಬಿ ಮಕ್ಕಳು ಅಪ್ಪನನ್ನು ಕರೆಯುವುದೂ ಬಾಬಾ ಎಂದೇ. ಹಾಗಾಗಿ ನಮ್ಮ ಮೇಜುಗಳ ನಡುವೆ ‘ನಮ್ಮ ಬಾಬಾ’, ‘ನಿಮ್ಮ ಬಾಬಾ’ ಎಂಬ ಎರಡು ಮಾತು ಬಳಕೆಗೆ ಬಂದವು. ನಿಮ್ಮ ಬಾಬಾ ಯುದ್ಧ ನಿಲ್ಲಿಸಿ ಎಂದರಂತೆ, ನಮ್ಮ ಬಾಬಾನಿಗೆ ಬೆನ್ನುನೋವಂತೆ, ಹೀಗೆ.

“ಬಾಬಾ ಅಂತ ಮೊದಲು ಕರೆಸಿಕೊಂಡದ್ದು ನಮ್ಮವರು. ರೋಮಿನವರು ನಮ್ಮನ್ನು ನೋಡಿ ಕಲಿತದ್ದು” ಎಂದು ಮೀನಾ ವಾರಕ್ಕೊಮ್ಮೆಯಾದರೂ ಕೆಣಕುತ್ತಾನೆ.

“ಇರಬಹುದು. ಸ್ವರ್ಗದ ಬೀಗದ ಕೈ ಯಾರ ಹತ್ತಿರ ಉಂಟು?” ಎಂದು ನಾನೂ ಬಿಡುವುದಿಲ್ಲ.

ಅವನು ಹೇಳುವುದರಲ್ಲಿ ಸುಳ್ಳಿಲ್ಲ ಎಂದು ಆಮೇಲೆ ಓದಿ ತಿಳಿದುಕೊಂಡೆ. ಹಳೆಯ ಕಾಲದಲ್ಲಿ ಗ್ರೀಕ್ ಮಕ್ಕಳು ಅಪ್ಪನನ್ನು ಕರೆಯುತ್ತಿದ್ದ ಮುದ್ದಿನ ಹೆಸರು ಪಾಪಾಸ್. ಹಲ್ಲು ಮೂಡುವ ಮೊದಲೇ ಬರೀ ತುಟಿಯಲ್ಲಿ ಹೇಳಬಹುದಾದ ಶಬ್ದ. ಜನ ತಮ್ಮ ಊರಿನ ಬಿಷಪರನ್ನೂ, ಕೆಲವು ಕಡೆ ಸಾದಾ ಪಾದ್ರಿಗಳನ್ನೂ ಹಾಗೇ ಕರೆಯುತ್ತಿದ್ದರು. ಎಷ್ಟೋ ನೂರು ವರ್ಷ ಕಳೆದ ಮೇಲೆ ಪಶ್ಚಿಮದ ಕಡೆ ಆ ಹೆಸರು ರೋಮಿನವರೊಬ್ಬರಿಗೇ ಉಳಿಯಿತು. ಜಗತ್ತಿನಲ್ಲಿ ರಾಜ, ಚಕ್ರವರ್ತಿ, ಸುಲ್ತಾನ ಎಂದು ಎಷ್ಟೆಲ್ಲ ಬಿರುದುಗಳಿವೆ. ತೊಟ್ಟಿಲಿನಿಂದ ಬಂದ ಬಿರುದು ಇದೊಂದೇ ಇರಬೇಕು ಎಂದು ನನಗೆ ಖುಷಿ.

ಚಿಕ್ಕಂದಿನಲ್ಲಿ ಇದೇ ಹೆಸರು ನನ್ನ ತಲೆ ಕೆಡಿಸಿತ್ತು. ನಮ್ಮ ಮನೆಯ ಕೊಂಕಣಿಯಲ್ಲಿ ಅವರು ಪಾಪ್ ಸಾಯ್ಬ್. ಶಾಲೆಯ ಕನ್ನಡ ಮೇಷ್ಟ್ರು ಪಾಪ ಎಂದರೆ ಮಾಡಬಾರದ ಕೆಲಸ ಎನ್ನುತ್ತಿದ್ದರು. ಪಕ್ಕದ ಮನೆಯ ತಾಯಿ ಯಾರಿಗೆ ಜ್ವರ ಬಂದರೂ “ಅಯ್ಯೋ ಪಾಪ” ಎನ್ನುತ್ತಿದ್ದರು. ನಾನು ಮೂರನ್ನೂ ಕೂಡಿಸಿ ಒಂದು ತೀರ್ಮಾನಕ್ಕೆ ಬಂದಿದ್ದೆ: ನಾವೆಲ್ಲ ಪಾದ್ರಿಗಳ ಹತ್ತಿರ ಹೇಳಿಕೊಂಡ ಪಾಪಗಳೆಲ್ಲ ಮೂಟೆ ಕಟ್ಟಿ ರೋಮಿಗೆ ಹೋಗುತ್ತವೆ, ಅಲ್ಲಿ ಬಿಳಿ ನಿಲುವಂಗಿಯ ಒಬ್ಬ ಅಜ್ಜ ಅವನ್ನೆಲ್ಲ ಒಬ್ಬರೇ ಕುಳಿತು ಓದುತ್ತಾರೆ, ಅಯ್ಯೋ ಪಾಪ. ಕದ್ದು ತಿಂದ ಬೆಲ್ಲದ ವಿಷಯ ಅವರಿಗೆ ತಲುಪಿರಬಹುದು ಎಂದು ನನಗೆ ನಾಚಿಕೆಯಾಗುತ್ತಿತ್ತು.

ಈ ಗೊಂದಲ ಬಿಡಿಸಿದವರು ನನ್ನ ಪಪ್ಪ. ಅವರು ಮೀನು ಮಾರುತ್ತಿದ್ದರು. ಬೆಳಕು ಹರಿಯುವ ಮೊದಲು ಮಲ್ಪೆ ಬಂದರಿಗೆ ಹೋಗಿ, ಸೈಕಲ್ಲಿನ ಹಿಂದೆ ಮರದ ಪೆಟ್ಟಿಗೆಯಲ್ಲಿ ಮಂಜುಗಡ್ಡೆಯ ಜೊತೆ ಬಂಗುಡೆ, ಬೂತಾಯಿ ತುಂಬಿಸಿಕೊಂಡು, ರಬ್ಬರಿನ ಹಾರನ್ ಒತ್ತುತ್ತಾ ಏಳೆಂಟು ಊರು ತಿರುಗುತ್ತಿದ್ದರು. ತುಳುವರು ನಮ್ಮ ಜಾತಿಯವರನ್ನು ಪೊರ್ಬುಗಳು ಎನ್ನುತ್ತಾರೆ. ಹಾಗಾಗಿ ಪಪ್ಪ ಊರಿಗೆಲ್ಲ ಮೀನಿನ ಪೊರ್ಬು. ಓದಿದ್ದು ಮೂರನೇ ಕ್ಲಾಸು. ಆದರೆ ಪೋಪರ ಚರಿತ್ರೆಯಲ್ಲಿ ಅವರನ್ನು ಮೀರಿಸುವವರು ನಮ್ಮ ವಾರ್ಡಿನಲ್ಲಿ ಯಾರೂ ಇರಲಿಲ್ಲ. ಶುಕ್ರವಾರ ಪಾದ್ರಿಗಳು ಮಾಂಸ ತಿನ್ನುವುದಿಲ್ಲ, ಆ ದಿನ ಪಪ್ಪನ ಸೈಕಲ್ಲು ಮೊದಲು ಹೋಗುತ್ತಿದ್ದದ್ದು ಪಾದ್ರಿಮನೆಯ ಅಡುಗೆಕೋಣೆಯ ಹಿಂಬಾಗಿಲಿಗೆ. ಅಲ್ಲಿದ್ದ ಮುದಿ ವಿಗಾರರಿಗೆ, ಅಂದರೆ ನಮ್ಮ ಇಗರ್ಜಿಯ ದೊಡ್ಡ ಪಾದ್ರಿಗಳಿಗೆ, ಮೀನು ಆರಿಸುವುದು ಎಂದರೆ ಅರ್ಧ ಗಂಟೆಯ ಕೆಲಸ. ಕಿವಿರು ಎತ್ತಿ ನೋಡುತ್ತಾ, ಬೆರಳಲ್ಲಿ ಒತ್ತುತ್ತಾ ಅವರು ಪೋಪರ ಕಥೆ ಹೇಳುತ್ತಿದ್ದರು. ಪಪ್ಪ ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕುಳಿತು ಮೀನು ಹೆಚ್ಚುತ್ತಾ ಕೇಳುತ್ತಿದ್ದರು. ಎರಡು ಸಾವಿರ ವರ್ಷದ ಚರಿತ್ರೆ ಅವರಿಗೆ ಹೀಗೆ ವಾರಕ್ಕೊಂದು ತುಂಡಿನಂತೆ ಸಿಕ್ಕಿತು.

ಸಂಜೆ ನಮಗೆ ಅದರ ಮರುಪ್ರಸಾರ. ಪಪ್ಪನ ಚರಿತ್ರೆ ಪಾಠಪುಸ್ತಕದ ಹಾಗಿರಲಿಲ್ಲ, ಅದರಲ್ಲಿ ಇಸವಿಗಳೇ ಇರಲಿಲ್ಲ. ಮೊದಮೊದಲ ಪೋಪರಿಗೆ ಮನೆ ಇಲ್ಲ, ಮಠ ಇಲ್ಲ, ಚಕ್ರವರ್ತಿಯ ಸಿಪಾಯಿಗಳಿಗೆ ಹೆದರಿ ಅಡಗಿಕೊಂಡು ಪೂಜೆ ಮಾಡುತ್ತಿದ್ದರು, ಸಿಕ್ಕಿಬಿದ್ದರೆ ತಲೆ ಹೋಯಿತು. ಆಮೇಲೆ ಚಕ್ರವರ್ತಿಯೇ ಕ್ರೈಸ್ತನಾದ. ಚಕ್ರಾಧಿಪತ್ಯ ಮುಳುಗಿದಾಗ ರೋಮಿನಲ್ಲಿ ಹಸಿದವರಿಗೆ ಗಂಜಿ ಹಾಕಲಿಕ್ಕೂ, ಮುತ್ತಿಗೆ ಹಾಕಿದವರ ಹತ್ತಿರ ಮಾತಾಡಲಿಕ್ಕೂ ಉಳಿದದ್ದು ಬಿಷಪರೊಬ್ಬರೇ. “ಗಂಜಿ ಹಾಕಿದವರ ಮಾತು ಜನ ಕೇಳ್ತಾರೆ, ಹಾಗೆ ದೊಡ್ಡವರಾದ್ದು” ಎಂದು ಪಪ್ಪನ ವಿವರಣೆ. ದೊಡ್ಡವರಾದ ಮೇಲೆ ಕೆಲವರಿಗೆ ತಲೆ ತಿರುಗಿತು, ಸೈನ್ಯ ಕಟ್ಟಿದರು, ಅರಮನೆ ಕಟ್ಟಿದರು. ಎಪ್ಪತ್ತು ವರ್ಷ ರೋಮನ್ನೇ ಬಿಟ್ಟು ಫ್ರಾನ್ಸಿನಲ್ಲಿ ಹೋಗಿ ಕುಳಿತರು. ಆಮೇಲೆ ಒಂದು ಕಾಲದಲ್ಲಿ ಒಟ್ಟಿಗೇ ಮೂವರು, ತಾನೇ ಪೋಪ್ ತಾನೇ ಪೋಪ್ ಎಂದು ಜಗಳ. ಇದನ್ನು ಹೇಳುವಾಗ ಪಪ್ಪ ಮೂರು ಬಂಗುಡೆಗಳನ್ನು ತಲೆ ಎತ್ತಿ ನಿಲ್ಲಿಸಿ ತೋರಿಸುತ್ತಿದ್ದರು.

ನಮಗೆಲ್ಲ ಇಷ್ಟದ ಕಥೆ ಕಟ್ಟಡದ ಮಾಡು, ಅಂದರೆ ಛಾವಣಿ, ತೆಗೆದದ್ದು. ಒಮ್ಮೆ ಕಾರ್ಡಿನಲರು ಹೊಸ ಪೋಪರನ್ನು ಆರಿಸಲಾಗದೆ ಸುಮಾರು ಮೂರು ವರ್ಷ ಕುಳಿತರಂತೆ. ಬೇಸತ್ತ ಊರಿನವರು ಅವರನ್ನು ಒಳಗೆ ಹಾಕಿ ಬೀಗ ಜಡಿದು, ಬರೀ ರೊಟ್ಟಿ ನೀರು ಕೊಟ್ಟು, ಅದಕ್ಕೂ ಬಗ್ಗದಿದ್ದಾಗ ಕಟ್ಟಡದ ಮಾಡನ್ನೇ ಕಿತ್ತುಬಿಟ್ಟರಂತೆ. ಈಗಲೂ ಆರಿಸುವಾಗ ಬಾಗಿಲು ಹಾಕುವ ಪದ್ಧತಿ ಬಂದದ್ದು ಅಲ್ಲಿಂದ. “ತಲೆ ಮೇಲೆ ಮಳೆ ಬಿದ್ದ ಮೇಲೆ ಬುದ್ಧಿ ಬಂತು ಅವರಿಗೆ” ಎಂದು ಪಪ್ಪ ತೊಡೆ ತಟ್ಟಿ ನಗುತ್ತಿದ್ದರು. ಅವರು ಕೆಟ್ಟ ಪೋಪರನ್ನು ಬಚ್ಚಿಡುತ್ತಿರಲಿಲ್ಲ. ಎಲ್ಲ ಹೇಳಿ ಮುಗಿಸಿ ಕೊನೆಗೆ, ಏನಾದರೂ ಆಗಲಿ, ಕುರ್ಚಿ ಮೀನಿನವನದ್ದು, ಎಂದು ಎದೆ ಉಬ್ಬಿಸುತ್ತಿದ್ದರು. ಮೊದಲ ಪೋಪ್ ಸಾಂ ಪೆದ್ರು, ಇಂಗ್ಲಿಷಿನವರ ಸೇಂಟ್ ಪೀಟರ್, ಬಲೆ ಬೀಸುತ್ತಿದ್ದವರು. ಇವತ್ತಿಗೂ ಪೋಪರ ಬೆರಳಲ್ಲಿರುವ ಉಂಗುರಕ್ಕೆ ಬೆಸ್ತನ ಉಂಗುರ ಎಂದೇ ಹೆಸರು. ಒಬ್ಬರು ತೀರಿಕೊಂಡರೆ ಅದನ್ನು ಇನ್ನೊಬ್ಬರು ಬಳಸದ ಹಾಗೆ ಹಾಳುಮಾಡುತ್ತಾರೆ, ಹೊಸಬರಿಗೆ ಹೊಸತು. ಪಪ್ಪನಿಗೆ ಇದೆಲ್ಲ ಸ್ವಂತ ಮನೆತನದ ವಿಷಯವಿದ್ದ ಹಾಗೆ.

ಆ ಸಾಂ ಪೆದ್ರುವಿನ ಒಂದು ಕಥೆಯನ್ನು ಇಲ್ಲಿ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಯೇಸುವನ್ನು ಹಿಡಿದುಕೊಂಡು ಹೋದ ರಾತ್ರಿ ಪೆದ್ರು ಅಂಗಳದಲ್ಲಿ ಬೆಂಕಿ ಕಾಯಿಸುತ್ತಾ ನಿಂತಿದ್ದ. ಒಬ್ಬ ಕೆಲಸದಾಕೆ, ನೀನೂ ಅವನ ಜೊತೆಯವನಲ್ಲವೇ ಎಂದಳು. ನಾನಲ್ಲ ಎಂದ. ಇನ್ನೊಬ್ಬರು ಕೇಳಿದರು, ಅಲ್ಲ ಎಂದ. ಮತ್ತೊಬ್ಬರು ಕೇಳಿದಾಗ, ಆ ಮನುಷ್ಯ ಯಾರೆಂದೇ ನನಗೆ ಗೊತ್ತಿಲ್ಲ ಎಂದ. ಆಗ ಕೋಳಿ ಕೂಗಿತು. ಪೆದ್ರು ಹೊರಗೆ ಹೋಗಿ ಬಿಕ್ಕಿಬಿಕ್ಕಿ ಅತ್ತ. ಸ್ವರ್ಗದ ಬೀಗದ ಕೈಯನ್ನು ಯೇಸು ಕೊಟ್ಟದ್ದು ಇಂಥವನಿಗೆ. ಪಪ್ಪ ಈ ಕಥೆ ಹೇಳುವಾಗ ಕೋಳಿಯ ಕೂಗನ್ನು ಎಷ್ಟು ಚೆನ್ನಾಗಿ ಕೂಗುತ್ತಿದ್ದರೆಂದರೆ ಪಕ್ಕದ ಮನೆಯ ಹುಂಜ ಉತ್ತರ ಕೊಡುತ್ತಿತ್ತು.

ಆರನೇ ಕ್ಲಾಸಿಗೆ ನನ್ನನ್ನು ಉಡುಪಿಯ ಒಂದು ಇಂಗ್ಲಿಷ್ ಶಾಲೆಗೆ ಸೇರಿಸಿದರು. ಸೀಟು ಸಿಕ್ಕಿದ್ದು ಅದೇ ವಿಗಾರರ ಕಾಗದದಿಂದ. ಕ್ಲಾಸಿನ ಹುಡುಗರ ಅಪ್ಪಂದಿರು ಡಾಕ್ಟರು, ಬ್ಯಾಂಕಿನವರು, ವಕೀಲರು. ನಿನ್ನ ಅಪ್ಪ ಎಂತ ಮಾಡ್ತಾರೆ ಎಂದು ಕೇಳಿದವರಿಗೆ ನಾನು “ಫಿಶರೀಸಿನಲ್ಲಿದ್ದಾರೆ” ಎಂದು ಹೇಳಿಟ್ಟಿದ್ದೆ. ಹುದ್ದೆಗಳಿಗೆ ದೊಡ್ಡ ಹೆಸರಿಡುವ ಅಭ್ಯಾಸ ನನಗೆ ಆಗಲೇ ಇತ್ತು ನೋಡಿ.

ಒಂದು ದಿನ ಗಣಿತ ಪರೀಕ್ಷೆಗೆ ಕಂಪಾಸ್ ಬಾಕ್ಸ್ ಮರೆತು ಹೋದೆ. ಪರೀಕ್ಷೆ ಇನ್ನೂ ಶುರುವಾಗಿರಲಿಲ್ಲ, ಬಾಗಿಲಲ್ಲಿ ಪಪ್ಪ. ಅರ್ಧ ಊರು ಬಾಕಿ ಇಟ್ಟು ಬಂದಿದ್ದರು. ಲುಂಗಿ ಮಡಚಿ ಕಟ್ಟಿತ್ತು, ಅಂಗಿ ಒದ್ದೆಯಾಗಿತ್ತು, ಮೊಣಕೈಯಲ್ಲಿ ಮೀನಿನ ಹುರುಪೆ ಅಂಟಿಕೊಂಡಿತ್ತು. ಬಾಕ್ಸಿಗೆ ವಾಸನೆ ಹಿಡಿಯಬಾರದೆಂದು ಎರಡು ಪದರ ಪೇಪರಿನಲ್ಲಿ ಸುತ್ತಿ ತಂದಿದ್ದರು.

ಪಕ್ಕದಲ್ಲಿ ಕುಳಿತ ಹುಡುಗ ಮೂಗು ಮುಚ್ಚಿಕೊಂಡು ಕೇಳಿದ, “ಯಾರಾ ಅದು? ನಿನ್ನನ್ನೇ ನೋಡ್ತಾ ಇದ್ದಾರೆ.”

“ಗೊತ್ತಿಲ್ಲ” ಎಂದೆ.

ಟೀಚರ್ ಬಾಗಿಲ ಕಡೆ ನೋಡಿ, ಪಪ್ಪ ಬೆರಳು ಮಾಡಿ ತೋರಿಸಿದ ನನ್ನ ಕಡೆ ತಿರುಗಿ, “ನಿನ್ನ ತಂದೆಯಾ?” ಎಂದರು.

“ಅಲ್ಲ ಟೀಚರ್.”

ಅಷ್ಟರಲ್ಲಿ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಜಗಲಿಯಲ್ಲಿ ಹೋಗುತ್ತಿದ್ದವರು ನಿಂತರು. “ಹಾಗಾದರೆ ಇವರು ಯಾರು? ನಿನಗೆ ಗೊತ್ತುಂಟಾ?” ಎಂದು ಕೇಳಿದರು.

ನಾನು ಎದ್ದು ನಿಂತು ಹೇಳಿದೆ, “ನಮ್ಮ ಮನೆಗೆ ಮೀನು ತರುವವರು, ಸಿಸ್ಟರ್.”

ಪಪ್ಪ ಬಾಗಿಲಲ್ಲೇ ಇದ್ದರು. ಮೂರನ್ನೂ ಕೇಳಿಸಿಕೊಂಡರು. ಅವರ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ, ಧ್ವನಿ ಮಾತ್ರ ಕೇಳಿಸಿತು. “ಹೌದು ಸಿಸ್ಟರ್, ಇವರ ಮನೆಗೆ ಮೀನು ತರುವವ ನಾನು. ಈ ದಾರಿಯಲ್ಲೇ ಬರುದಲ್ವಾ, ಇವರ ಅಮ್ಮ ಕೊಟ್ಟು ಕಳಿಸಿದ್ರು.” ಬಾಕ್ಸನ್ನು ಟೀಚರ ಮೇಜಿನ ಮೇಲಿಟ್ಟು, ಕೈ ಮುಗಿದು ಹೋದರು. ಸ್ವಲ್ಪ ಹೊತ್ತಿಗೆ ಗೇಟಿನ ಹೊರಗೆ ಸೈಕಲ್ಲಿನ ಸ್ಟ್ಯಾಂಡು ತೆಗೆದ ಸದ್ದು ಬಂತು. ಹಾರನ್ ಒತ್ತಲಿಲ್ಲ.

ಸಂಜೆ ಮನೆಗೆ ಹೋಗಲು ಕಾಲೇ ಬರಲಿಲ್ಲ. ಆದರೆ ಮನೆಯಲ್ಲಿ ಏನೂ ಆಗಿರಲಿಲ್ಲ. ಅಮ್ಮನಿಗೆ, ಅಕ್ಕ ಜೆಸಿಂತಾಳಿಗೆ ವಿಷಯವೇ ಗೊತ್ತಿರಲಿಲ್ಲ. ಮೀನಿನವನ ಮನೆಯಲ್ಲಿ ತಿನ್ನುವುದು ಮಾರಿ ಉಳಿದ ಮೀನು, ಅದೂ ಸಣ್ಣದು. ಆ ದಿನ ಪಪ್ಪ ಒಂದು ಅಂಜಲ್ ಮೀನಿನ ದಪ್ಪ ತುಂಡು ತಂದಿದ್ದರು. ಹುರಿದು ನನ್ನ ಬಟ್ಟಲಿಗೆ ಹಾಕಿಸಿ, “ಪರೀಕ್ಷೆ ಬರೆದು ಬಂದಿದ್ದಾನೆ, ತಿನ್ನಲಿ” ಎಂದರು. ಅಷ್ಟು ರುಚಿಯ ಮೀನು ನುಂಗಲು ಅಷ್ಟು ಕಷ್ಟಪಟ್ಟವನು ನಾನೊಬ್ಬನೇ ಇರಬೇಕು.

ಮತ್ತೊಂದು ಆಯಿತು. ಪಪ್ಪ ಪೆದ್ರುವಿನ ಕಥೆ ಹೇಳುವುದನ್ನು ನಿಲ್ಲಿಸಲಿಲ್ಲ. ನೀರಿನ ಮೇಲೆ ನಡೆದದ್ದು, ಬಲೆ ಹರಿಯುವಷ್ಟು ಮೀನು ಸಿಕ್ಕಿದ್ದು, ರೋಮಿಗೆ ಹೋದದ್ದು, ತಲೆಕೆಳಗಾಗಿ ಶಿಲುಬೆಗೇರಿದ್ದು ಎಲ್ಲ ಹೇಳುತ್ತಿದ್ದರು. ಕೋಳಿಯ ಭಾಗ ಮಾತ್ರ ಬಿಟ್ಟುಬಿಡುತ್ತಿದ್ದರು. ಅಕ್ಕ ಒಮ್ಮೆ, “ಪಪ್ಪಾ, ಕೋಳಿ ಕೂಗಿ” ಎಂದು ಹಟ ಹಿಡಿದಾಗ, “ಗಂಟಲು ಸರಿಯಿಲ್ಲ ಮಗಾ” ಎಂದರು. ಆಮೇಲೆ ನಲವತ್ತು ವರ್ಷ ಅವರ ಗಂಟಲು ಸರಿಯಾಗಲಿಲ್ಲ. ಯಾಕೆಂದು ನನಗೊಬ್ಬನಿಗೇ ಗೊತ್ತಿತ್ತು. ನಾನೂ ಬಾಯಿ ಬಿಡಲಿಲ್ಲ. ಪಾದ್ರಿಗಳ ಹತ್ತಿರ ಹೇಳಿಕೊಂಡೆ, ಮದುವೆಯಾದ ಮೇಲೆ ಹೆಂಡತಿಗೆ ಹೇಳಿದೆ, ಒಂದು ಸಲ ಮೀನಾನಿಗೂ ಹೇಳಿದೆ. ಹೇಳಬೇಕಾದವರಿಗೆ ಹೇಳಲಿಲ್ಲ. ಪ್ರತಿ ರಜೆಗೂ ವಿಮಾನದಲ್ಲಿ ಮಾತು ಜೋಡಿಸಿಕೊಂಡು ಹೋಗುವುದು, ಮನೆಯಲ್ಲಿ ಮಳೆ, ಬೆಳೆ, ಮೀನಿನ ಕ್ರಯ ಮಾತಾಡಿ ವಾಪಸು ಬರುವುದು. ಗಂಡಸರು ಅಪ್ಪಂದಿರ ಹತ್ತಿರ ಮಾತಾಡುವುದೇ ಹೀಗೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಮೊನ್ನೆಮೊನ್ನೆ ಹಿಂದಿನ ಪೋಪರು ತೀರಿಕೊಂಡರಲ್ಲ, ಆ ವಾರದ ಮಾತು. ಪಪ್ಪ ಈಗ ಅಕ್ಕನ ಮನೆಯಲ್ಲಿದ್ದಾರೆ, ಎಂಬತ್ತು ದಾಟಿದೆ, ಕಿವಿ ಮಂದ. ಈಸ್ಟರಿನ ಹಿಂದಿನ ದಿನ ಎದೆ ಹಿಡಿದುಕೊಂಡಿತು, ಆಸ್ಪತ್ರೆಗೆ ಸೇರಿಸಿದರು. ಭಾನುವಾರ ಅಕ್ಕ ಫೋನಿನಲ್ಲಿ “ಡಾಕ್ಟ್ರು ಎಂತದೂ ಹೇಳುದಿಲ್ಲ, ನಾಳೆ ನೋಡುವ ಅಂತಾರೆ” ಎಂದಳು. ಸೋಮವಾರ ಆಫೀಸಿಗೆ ಹೋದೆನೆಂಬುದಷ್ಟೇ, ಕೈ ಕೆಲಸದಲ್ಲಿರಲಿಲ್ಲ. ಹೊಸ ನಕ್ಷೆಗೆ ರದ್ದಾಗಿದೆ ಎಂಬ ಮುದ್ರೆ ಒತ್ತಿದೆ. ಫೋನಿನ ಚಾರ್ಜು ಮುಗಿದಿತ್ತು, ಮೀನಾನ ಮೇಜಿನಲ್ಲಿ ಚುಚ್ಚಿಟ್ಟು, “ಊರಿನಿಂದ ಬಂದರೆ ಕರಿ” ಎಂದು ಹೇಳಿ ನಕ್ಷೆಗಳ ಕೋಣೆಗೆ ಹೋದೆ.

ಹನ್ನೊಂದರ ಹೊತ್ತಿಗೆ ಮೀನಾ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ನನ್ನ ಫೋನು. ಅದು ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಅವನ ಕಣ್ಣು ಕೆಂಪಾಗಿತ್ತು. ಗಡಿಯಾರದ ಪಟ್ಟಿಯ ಮೇಲೆ ಕೈ ಇಟ್ಟುಕೊಂಡು ಮೆಲ್ಲಗೆ ಹೇಳಿದ, “ಬಿಂಟೊ, ನಿಮ್ಮ ಬಾಬಾ... ಮಾತ್.”

ಅರಬಿಯಲ್ಲಿ ಮಾತ್ ಎಂದರೆ ತೀರಿಹೋದರು. ಕನ್ನಡದವನ ಕಿವಿಗೆ ಅದು ಮಾತು ಎಂದ ಹಾಗೇ ಕೇಳಿಸುತ್ತದೆ. ನಲವತ್ತು ವರ್ಷ ಆಡದೆ ಇಟ್ಟುಕೊಂಡ ಒಂದು ಮಾತು ನನಗೆ ಆ ಕ್ಷಣ ನೆನಪಾಯಿತು. ನಾನು ನೆಲದ ಮೇಲೆ, ನಕ್ಷೆಗಳ ಸುರುಳಿಗಳ ನಡುವೆ ಕುಳಿತುಬಿಟ್ಟೆ. ಅಳು ಬರಲಿಲ್ಲ. ಇನ್ನು ಹೇಳಲಿಕ್ಕಾಗುವುದಿಲ್ಲ, ಇನ್ನು ಹೇಳಲಿಕ್ಕಾಗುವುದಿಲ್ಲ, ಅದೊಂದೇ ತಲೆಯಲ್ಲಿ.

ಮೀನಾ ಪಕ್ಕದಲ್ಲಿ ಕುಳಿತು ನನ್ನ ಬೆನ್ನು ನೇವರಿಸಿದ. ನಮ್ಮ ಸೌದಿ ಮ್ಯಾನೇಜರ್ ಅಬು ನಾಸರ್ ಬಂದರು. ಒಳ್ಳೆಯ ಮನುಷ್ಯ. ನನ್ನ ತಲೆಯ ಮೇಲೆ ಕೈ ಇಟ್ಟು ಅಲ್ಲಾಹ್ ಅವರಿಗೆ ಕರುಣೆ ತೋರಲಿ ಎಂದರು. “ಊರಿಗೆ ಹೋಗಿಬರುವ ವೀಸಾ ಈಗಲೇ ಮಾಡಿಸುತ್ತೇನೆ. ಒಂದು ಗಂಟೆಯಲ್ಲಿ ಸಿಗುತ್ತದೆ. ಯಲ್ಲಾ, ಯಾರಾದರೂ ಇವನಿಗೆ ಟಿಕೆಟ್ ನೋಡಿ” ಎಂದು ಕೂಗಿದರು. ಪೇಶಾವರದ ಡ್ರೈವರ್ ಗುಲ್ ಖಾನ್ ಕಾರಿನ ಕೀಲಿ ಹಿಡಿದು ಸಿದ್ಧನಾಗಿ ನಿಂತ. ಯಾರೋ ನೀರು ಕುಡಿಸಿದರು.

“ವಯಸ್ಸಾಗಿತ್ತು, ಬಹಳ ದಿನದಿಂದ ಹುಷಾರಿರಲಿಲ್ಲ” ಎಂದ ಮೀನಾ.

ನಾನು ತಲೆಯಾಡಿಸಿದೆ.

“ಆದರೂ ನಿನ್ನೆ ಹಬ್ಬ ಎಂದು ಬಾಲ್ಕನಿಗೆ ಬಂದು ಕೈ ಬೀಸಿದರು, ನೋಡು.”

ಎದೆಗೆ ವಯರು ಹಾಕಿಕೊಂಡು ಪಪ್ಪ ಬಾಲ್ಕನಿಗೆ ಹೋದರೇ? ಅಕ್ಕ ಬಿಟ್ಟಳೇ? ಹೋದರೂ ಹೋಗುವವರೇ, ರಸ್ತೆಯಲ್ಲಿ ಮೀನಿನವರ ಹಾರನ್ ಕೇಳಿಸಿದರೆ ಅವರಿಗೆ ಹಾಸಿಗೆಯಲ್ಲಿ ಇರಲಾಗುವುದಿಲ್ಲ.

“ಸಾವಿರಾರು ಜನ ಕೆಳಗೆ ನಿಂತು ನೋಡಿದರು” ಎಂದ ಮೀನಾ.

“ಎಲ್ಲಿ?” ಎಂದೆ.

“ಚೌಕದಲ್ಲಿ.”

“ಯಾವ ಚೌಕ? ಉಡುಪಿಯಲ್ಲಾ?”

ಮೀನಾ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಆಮೇಲೆ ಅವನು ಫೋನನ್ನು ನನ್ನ ಕಣ್ಣಿನ ಮುಂದೆ ಹಿಡಿದ. ನಮ್ಮ ಇಗರ್ಜಿಯವರ ವಾಟ್ಸಾಪ್ ಗುಂಪು, ಮೇಲಿಂದ ಕೆಳಗಿನವರೆಗೂ ಬಿಳಿ ನಿಲುವಂಗಿಯ ಒಂದೇ ಫೋಟೋ, ಕೈ ಮುಗಿದ ಚಿತ್ರಗಳು.

ನಾನು ನಕ್ಕೆ. ದೇವರು ಕ್ಷಮಿಸಲಿ, ಪೋಪರು ತೀರಿಕೊಂಡ ಸುದ್ದಿ ಕೇಳಿ ಜಗತ್ತಿನಲ್ಲಿ ಗಟ್ಟಿಯಾಗಿ ನಕ್ಕ ಕಥೋಲಿಕ ನಾನೊಬ್ಬನೇ ಇದ್ದೇನು. ನಗುತ್ತಾ ನಗುತ್ತಾ ಅಳು ಬಂತು, ಆಗ ಬಂದದ್ದು ನಿಲ್ಲಲೇ ಇಲ್ಲ. ಮೀನಾ ಮ್ಯಾನೇಜರರಿಗೆ ಅರಬಿಯಲ್ಲಿ ವಿವರಿಸುತ್ತಿದ್ದ, ಈ ಬಾಬಾ ಅಲ್ಲ, ಆ ಬಾಬಾ, ಎಂದು. ಅಬು ನಾಸರ್ ಎಲ್ಲ ಕೇಳಿ, ಗಡ್ಡ ಕೆರೆದುಕೊಂಡು, “ಇವನ ಬಾಬಾ ಆಸ್ಪತ್ರೆಯಲ್ಲಿರುವುದು ನಿಜ ತಾನೆ?” ಎಂದು ಕೇಳಿದರು. ನಿಜ ಎಂದ ಮೀನಾ. “ಹಾಗಾದರೆ ವೀಸಾ ಇರಲಿ” ಎಂದು ಹೇಳಿ ಹೋದರು.

ಫೋನು ಹಿಡಿದುಕೊಂಡು ಕೆಳಗೆ ಪಾರ್ಕಿಂಗಿಗೆ ಓಡಿದೆ. ಅಕ್ಕನ ಫೋನು ಎಂಗೇಜ್. ಮತ್ತೆ ಮಾಡಿದೆ, ಎಂಗೇಜ್. ಬಿಸಿಲಿಗೆ ಕಾರುಗಳು ಕಾದಿದ್ದವು, ಎಲ್ಲಿಯೂ ಒರಗುವ ಹಾಗಿರಲಿಲ್ಲ. ಐದನೆಯ ಸಲಕ್ಕೆ ಎತ್ತಿದಳು. ನಾವು ಮಾತಾಡುವುದು ಕೊಂಕಣಿಯಲ್ಲಿ, ನಿಮಗಾಗಿ ಕನ್ನಡಕ್ಕೆ ಹಾಕಿದ್ದೇನೆ.

“ಎಂತ ಮಾರಾಯ, ಇಷ್ಟು ಸಲ ಮಾಡ್ತಿ? ಪಪ್ಪ ಈಗ ವಾರ್ಡಿಗೆ ಬಂದ್ರು. ಗಂಜಿ ಕುಡೀತಿದ್ದಾರೆ. ಮೀನಿನ ಸಾರು ಇಲ್ವಾ ಅಂತ ನರ್ಸಿಗೆ ಕೇಳ್ತಾರೆ” ಎಂದಳು.

“ಅವರಿಗೆ ಕೊಡು.”

ಫೋನು ಕೈ ಬದಲಾದ ಸದ್ದು. ಆಮೇಲೆ ಪಪ್ಪನ ಧ್ವನಿ, ತೆಳ್ಳಗಾಗಿತ್ತು. “ಪುತಾ, ಪಾಪ್ ಸಾಯ್ಬ್ ಹೋದ್ರಂತೆ, ಗೊತ್ತಾಯ್ತಾ?”

“ಗೊತ್ತಾಯ್ತು ಪಪ್ಪಾ.”

“ಈಸ್ಟರ್ ಮುಗಿಸಿಯೇ ಹೋದ್ರು ನೋಡು. ಕೆಲಸ ಅರ್ಧಕ್ಕೆ ಬಿಡುವ ಜನ ಅಲ್ಲ.”

ಮೀನಿನ ಕ್ರಯಕ್ಕೆ ಮಾತು ತಿರುಗುವ ಮೊದಲು ಹೇಳಿಬಿಡಬೇಕೆಂದು ನನಗೆ ಅವಸರ. “ಪಪ್ಪಾ, ಆರನೇ ಕ್ಲಾಸಿನಲ್ಲಿ ನೀವು ಕಂಪಾಸ್ ಬಾಕ್ಸ್ ತಂದಾಗ ನಾನು ನಿಮ್ಮನ್ನು ಗೊತ್ತಿಲ್ಲ ಅಂದೆ. ತಪ್ಪಾಯ್ತು ಪಪ್ಪಾ.”

ಆಮೇಲೆ, “ಎಂತ? ಕೇಳುದಿಲ್ಲ.”

ಧ್ವನಿ ಏರಿಸಿದೆ. “ಶಾಲೆಯಲ್ಲಿ ನೀವು ನನ್ನ ಅಪ್ಪ ಅಲ್ಲ ಅಂದೆ. ತಪ್ಪಾಯ್ತು!”

“ಹಾಂ? ಗಟ್ಟಿ ಹೇಳು.”

ಕಾರಿನ ಪಕ್ಕ ನಿಂತಿದ್ದ ಗುಲ್ ಖಾನ್ ತಿರುಗಿ ನೋಡಿದ. ಕಾವಲುಗಾರ ತನ್ನ ಗೂಡಿನಿಂದ ಹೊರಗೆ ಬಂದ. ನಾನು ಆಕಾಶದ ಕಡೆ ಮುಖ ಮಾಡಿ, ಇದ್ದ ಉಸಿರನ್ನೆಲ್ಲ ಹಾಕಿ ಕೂಗಿದೆ. “ನಮ್ಮ ಮನೆಗೆ ಮೀನು ತರುವವರು ಅಂತ ಹೇಳಿದೆ ಪಪ್ಪಾ! ತಪ್ಪಾಯ್ತು! ನನ್ನನ್ನು ಕ್ಷಮಿಸಿ!”

“ಸಾಕು ಸಾಕು, ಪಕ್ಕದ ಹಾಸಿಗೆಯವರು ಏಳ್ತಾರೆ” ಎಂದರು ಪಪ್ಪ. “ಮೊದಲನೇ ಸಲವೇ ಕೇಳಿತ್ತು ನನಗೆ.”

“ಮತ್ತೆ ಯಾಕೆ ಮೂರು ಸಲ ಹೇಳಿಸಿದ್ರಿ?”

“ನೀನು ಮೂರು ಸಲ ಹೇಳಿದ್ದಿ ಅಲ್ವಾ?”

ಆ ಕಡೆ ಪಪ್ಪ ಗಂಜಿಯ ಒಂದು ಗುಟುಕು ಕುಡಿದದ್ದು ಕೇಳಿಸಿತು.

“ಆದ್ರೆ ಮೂರನೇ ತಪ್ಪಾಯ್ತು ಬೇಡಿತ್ತು ಪುತಾ” ಎಂದರು. “ಅದು ಸುಳ್ಳಲ್ಲ. ನಮ್ಮ ಮನೆಗೆ ಮೀನು ತರ್ತಿದ್ದದ್ದು ನಾನೇ ಅಲ್ವಾ?”